ಅಕ್ಕೋರ ಕಪ್ಪೆಯ ತೋಟ

ಮೊನ್ನೆ ಸೊಸೆಯ ಮಲ್ಲಿಗೆ ಕುಂಡವನ್ನು ಅಂಗಳದಲ್ಲಿ ಬೋರಲು ಹಾಕಿದೆ. ಹದಿನೈದು ದಿನದಿಂದ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಮಣ್ಣಿನ ಹೆಂಟೆ ಹೊರಬೀಳುತ್ತಲೇ ಒಂದು ವಾಸನೆ ಮೂಗಿಗೆ ಬಡಿಯಿತು. ನೀರಿಗೆ ಹೋಗಲು ದಾರಿಯಿಲ್ಲದೆ ಒಳಗೇ ಕೊಳೆತ ಮಣ್ಣಿನ ವಾಸನೆ. ಈ ವಾಸನೆ ಬಂತೆಂದರೆ ಬೇರು ಸತ್ತಿತೆಂದು ನನಗೆ ಕಲಿಸಿದವರು ಅಕ್ಕೋರು...

ನಿಜಾಮರ ಕಾಲದ ಮಾತು. ಯಲಬುರ್ಗಾದ ಹೆಣ್ಣುಮಕ್ಕಳ ಸಾಲೆಗೆ ಪಾಠ ಹೇಳಲು ಅವರು ಬಂದಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಗಂಡ ಬಿಟ್ಟವರಂತೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅವರು ಮಾತ್ರ ಆ ಮಾತು ಎತ್ತಿದವರಲ್ಲ.

ನಾನು ಹದಿನೈದಕ್ಕೆ ಸೊಸೆಯಾಗಿ ಬಂದವಳು. ಗಂಡ ತಹಶೀಲ ಕಚೇರಿಯ ಕೆಲಸದ ಮೇಲೆ ಕುಷ್ಟಗಿ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅತ್ತೆ ಕೆಟ್ಟವರಲ್ಲ, ಆದರೆ ಕೆಲಸವಿಲ್ಲದೆ ಮಾತಾಡುವವರೂ ಅಲ್ಲ. ಎಮ್ಮೆಯನ್ನು ಗದರಿಸುವಾಗ ಮಾತ್ರ ನನ್ನ ದನಿ ನನಗೇ ಕೇಳುವ ದಿನಗಳಿದ್ದವು.

ಅಂಥ ಒಂದು ಮಧ್ಯಾಹ್ನ ಗೋಡೆಯಾಚೆ ನೋಡಿದರೆ ಅಕ್ಕೋರು ನೆಲದ ಮೇಲೆ ಕುಳಿತು ಹಂಚು ಒಡೆಯುತ್ತಿದ್ದರು. ಪಕ್ಕದಲ್ಲಿ ಮಿಠಾಯಿ ಅಂಗಡಿಯವರು ಬಿಸಾಡಿದ್ದ ಗಾಜಿನ ಪೆಟ್ಟಿಗೆ. ಒಂದು ಮಣ್ಣಿನ ಬೋಗುಣಿಯಲ್ಲಿ ಕಪ್ಪೆ. ಸಾಲೆಯ ಬಾವಿಯ ಹೂಳು ತೆಗೆಯುವಾಗ ಸಲಿಕೆ ತಾಗಿ ಅದರ ಒಂದು ಹಿಂಗಾಲು ಹೋಗಿತ್ತು.

"ಏನ್ ಮಾಡಾಕ್ಹತ್ತೀರಿ ಅಕ್ಕೋರ?"

"ಇದಕ್ಕೊಂದು ಮನಿ ಕಟ್ಟಾಕ್ಹತ್ತೀನಿ ತಂಗಿ. ಬರ್ತಿ ಏನು?"

ನಾನು ಗೋಡೆ ದಾಟಿದೆ. ಸಹಾಯಕ್ಕೆಂದು ನಮ್ಮ ಹೊಲದ ಎರೆಮಣ್ಣನ್ನೂ ಒಂದು ಪುಟ್ಟಿ ಒಯ್ದಿದ್ದೆ. ಅವರು ನಕ್ಕರು. "ಎರಿ ಜ್ವಾಳಕ್ಕ ಛಲೋ. ಇಲ್ಲಿ ಬ್ಯಾಡ. ಕುಡದ ನೀರು ಬಿಡಂಗಿಲ್ಲ ಅದು."

ಪೆಟ್ಟಿಗೆಯ ತಳಕ್ಕೆ ಹಂಚಿನ ಚೂರು, ಅದರ ಮೇಲೆ ಇದ್ದಲಿ, ಮಣ್ಣು ಕೆಳಗಿಳಿಯದಂತೆ ಒಂದು ತುಂಡು ಗೋಣಿತಟ್ಟು. ಆಮೇಲೆ ಹಳ್ಳದ ಉಸುಕು, ಕೆಮ್ಮಣ್ಣು, ಬೇವಿನ ಮರದ ಬುಡದಲ್ಲಿ ಕೊಳೆತ ಎಲೆಯ ಪುಡಿ ಕಲಸಿ ಹಾಕಿದರು. ಸಗಣಿ ಗೊಬ್ಬರ ತರಲೇ ಎಂದೆ. ಬೇಡವೆಂದರು. ಕಪ್ಪೆ ತೊಗಲಿನಿಂದಲೇ ನೀರು ಕುಡಿಯುತ್ತದೆ, ಗೊಬ್ಬರ ಅದನ್ನು ಸುಡುತ್ತದೆ ಎಂದು ತಿಳಿಸಿ ಹೇಳಿದರು. ಮೂಲೆಯಲ್ಲಿ ಒಂದು ಟೊಳ್ಳು ಬಿದಿರು ನಿಲ್ಲಿಸಿದರು. ಅದರೊಳಗೆ ಕಡ್ಡಿ ಇಳಿಸಿದರೆ ತಳದಲ್ಲಿ ನೀರು ಎಷ್ಟು ನಿಂತಿದೆ ಎಂದು ತಿಳಿಯುತ್ತಿತ್ತು. ಬಾವಿಗಟ್ಟೆಯ ಒಂದೆಲಗ, ಕಲ್ಲಿನ ಸಂದಿಯ ಪಾಚಿ ತಂದು ನೆಟ್ಟೆವು. ಬೇರು ಹಿಡಿಯಲೆಂದು ಎರಡು ವಾರ ಕಾದು, ಆಮೇಲೆ ಕಪ್ಪೆಯನ್ನು ಬಿಟ್ಟು ಮೇಲೆ ಜರಡಿ ಮುಚ್ಚಿದರು.

ಎರಡು ವರ್ಷ ದಿನಾ, ಅತ್ತೆ ಮಲಗಿದ ಹೊತ್ತು ನೋಡಿ, ಆ ಗೋಡೆ ದಾಟಿದೆ. ಕಡ್ಡಿ ಇಳಿಸುವುದು, ಕೊಳೆತ ಎಲೆ ಚಿವುಟುವುದು, ಗೆದ್ದಲು ಹಿಡಿದು ತರುವುದು ನನ್ನ ಪಾಲಿನ ಕೆಲಸ. ನಮ್ಮಿಬ್ಬರಲ್ಲಿ ಮಾತು ಕಡಿಮೆ. ಆದರೂ ಮನೆಗೆ ಮರಳುವಾಗ ಯಾರೊಂದಿಗೋ ಬಹಳ ಹೊತ್ತು ಮಾತಾಡಿ ಬಂದಂತೆ ಅನ್ನಿಸುತ್ತಿತ್ತು...

ಆ ಸಂತೋಷಕ್ಕೇ ಇರಬೇಕು, ಒಮ್ಮೆ ನೀರಿಗೆ ಹೋದಾಗ ಬಾಯಿ ಬಿಟ್ಟೆ. "ಅಕ್ಕೋರು ಕಪ್ಪಿಗೆ ತ್ವಾಟ ಮಾಡ್ಯಾರ" ಎಂದು ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳಿಬಿಟ್ಟೆ.

ಆ ವರ್ಷ ಮೃಗಶಿರ, ನಮ್ಮ ಕಡೆಯ ಮಿರಗ, ಕಳೆದರೂ ಮಳೆ ಬರಲಿಲ್ಲ. ಒಂದು ಮುಂಜಾನೆ ಓಣಿಯ ಏಳೆಂಟು ಮಂದಿ ಅಕ್ಕೋರ ಬಾಗಿಲಿಗೆ ಬಂದರು. ನನ್ನ ಅತ್ತೆಯೂ ಇದ್ದರು. ಅವರ ಹಿಂದೆ ನಾನು.

"ಕಪ್ಪಿ ಸೆರಿ ಹಿಡದಿಟ್ಟೀರಂತಲ್ರಿ ಅಕ್ಕೋರ. ಹಿಂಗಾದ್ರ ಮಳಿ ಹ್ಯಾಂಗ ಬರ್ತೈತಿ? ಬಿಟ್ಟುಬಿಡ್ರಿ" ಎಂದರು ಓಣಿಯ ಹಿರಿಯರೊಬ್ಬರು.

"ಸೆರಿ ಅಲ್ರಿ ಅದು. ಅದಕ್ಕ ಒಂದು ಕಾಲಿಲ್ಲ. ಹೊರಗ ಬಿಟ್ರ ಕಾಗಿ ಪಾಲಾಗತೈತಿ."

ಯಾರೂ ನಂಬಲಿಲ್ಲ. ಅತ್ತೆ ತಿರುಗಿ ನನ್ನನ್ನು ಕೇಳಿದರು. "ನೀ ನೋಡೀಯಲ್ಲ, ಹೇಳು. ಕಪ್ಪಿ ಐತೇನು ಒಳಗ?"

ಅಕ್ಕೋರು ನನ್ನ ಕಡೆ ನೋಡಿದರು. ಕಾಲಿಲ್ಲದ್ದು ನಿಜ ಎಂದು ಒಂದು ಮಾತು ಹೇಳಬಹುದಿತ್ತು. ದಿನಾ ಕಳ್ಳತನದಿಂದ ಗೋಡೆ ದಾಟುತ್ತಿದ್ದದ್ದು ಅತ್ತೆಗೆ ಗೊತ್ತಾಯಿತಲ್ಲ ಎಂಬ ಅಂಜಿಕೆಯೇ ಮುಂದಾಯಿತು. "ಐತ್ರಿ" ಎಂದೆ. ಅಷ್ಟೇ ಎಂದೆ.

ಅವರು ವಾದ ಮಾಡಲಿಲ್ಲ. ಒಳಗೆ ಹೋಗಿ ಎರಡೂ ಕೈಯಲ್ಲಿ ಕಪ್ಪೆಯನ್ನು ಹಿಡಿದು ತಂದು, ತಾವೇ ನಡೆದು, ಬಾವಿಯ ನೆರಳಿದ್ದ ಮೆಟ್ಟಿಲ ಮೇಲೆ ಬಿಟ್ಟರು. ಮಂದಿ ಚದುರಿದರು. ಸಾಲೆಯ ಗಂಟೆ ಬಾರಿಸುವವರೆಗೂ ಅವರು ಅಲ್ಲೇ ಕಾವಲು ನಿಂತಿದ್ದರಂತೆ. ಆಮೇಲೆ ಏನಾಯಿತೋ... ಸಂಜೆ ಮೆಟ್ಟಿಲ ಮೇಲೆ ಏನೂ ಇರಲಿಲ್ಲ.

ಎಂಟು ದಿನಕ್ಕೆ ಮಳೆ ಬಂತು. ಓಣಿಗೆ ಓಣಿಯೇ ಹಿಗ್ಗಿತು. ಒಬ್ಬಾಕೆ ಬಿಸಿ ರೊಟ್ಟಿ, ಪುಂಡಿಪಲ್ಲೆ ಒಯ್ದು ಅಕ್ಕೋರಿಗೆ ಕೊಟ್ಟು ಬಂದಳು. ಅವರು ಬೇಡವೆನ್ನದೆ ತೆಗೆದುಕೊಂಡರಂತೆ.

ಅದೇ ವಾರ ಅಂಜುತ್ತ ಗೋಡೆಯಾಚೆ ಇಣುಕಿದೆ. ಅಕ್ಕೋರು ಖಾಲಿ ಪೆಟ್ಟಿಗೆಯ ಮುಂದೆ ಕುಳಿತು ಒಂದೆಲಗದ ಹಳದಿ ಎಲೆ ಚಿವುಟುತ್ತಿದ್ದರು.

"ಇನ್ನ ಯಾರ ಸಲುವಾಗಿ ಅಕ್ಕೋರ?"

"ಗಿಡ ಅದಾವಲ್ಲ ತಂಗಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆದರೆ ಒಳಗೆ ಬಾ ಎಂದೂ ಅವರು ಕರೆಯಲಿಲ್ಲ.

ದಸರೆಯ ಹೊತ್ತಿಗೆ ಗಂಗಾವತಿಗೆ ಬದಲಿ ಮಾಡಿಸಿಕೊಂಡರು. ಹೊರಡುವ ಮುಂಜಾನೆ ಗೋಡೆಯ ಬಳಿ ಬಂದು "ಬರ್ತೀನಿ ತಂಗಿ" ಎಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. "ಹ್ಞೂಂ ರಿ" ಎಂದೆ. ಎದ್ದು ಹೋಗುವಷ್ಟರಲ್ಲಿ ಅವರಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನೆಂಟರ ಮದುವೆಗೆಂದು ಗಂಗಾವತಿಗೆ ಹೋಗಿದ್ದೆ. ಗಂಡನನ್ನು ಕಾಡಿ ಬೇಡಿ ಅಲ್ಲಿನ ಸಾಲೆಗೆ ಹೋದೆ. ಬಾಗಿಲಲ್ಲಿ ಒಬ್ಬ ಮುದಿ ಜವಾನ ಕುಳಿತಿದ್ದ. ಯಲಬುರ್ಗಾದಿಂದ ಬಂದ ಅಕ್ಕೋರು ಎಲ್ಲಿದ್ದಾರೆ ಎಂದು ಕೇಳಿದೆ.

"ಭಾಳ ಮಂದಿ ಅಕ್ಕೋರು ಬಂದ್ರು, ಹೋದ್ರು. ಹೆಸರು ಹೇಳ್ರಿ, ನೋಡೋಣು" ಎಂದ.

ಗಂಡ ನನ್ನ ಮುಖ ನೋಡಿದ. ಎರಡು ವರ್ಷ ಅವರ ಪಕ್ಕದಲ್ಲಿ ಕುಳಿತು ಮಣ್ಣು ಕಲಸಿದ್ದೆ, ಹೆಸರು ಕೇಳಿರಲಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನೂ ನಾನು ಕಂಡಿರಲಿಲ್ಲ.

ಈಗ ನನಗೆ ಅಂದಿನ ಅಕ್ಕೋರಿಗಿಂತ ಎರಡರಷ್ಟು ವಯಸ್ಸು. ಅವರು ಎಲ್ಲಿ ತೀರಿಕೊಂಡರೋ, ಆಗ ಹತ್ತಿರ ಯಾರಿದ್ದರೋ ಗೊತ್ತಿಲ್ಲ. ತೀರಿಹೋದವರನ್ನೆಲ್ಲ ನೆನೆದು ಎಡೆ ಇಡುವ ದಿನ ಒಬ್ಬೊಬ್ಬರ ಹೆಸರನ್ನೂ ಹೇಳುತ್ತೇನೆ. ಅವರ ಸರದಿ ಬಂದಾಗ ಬಾಯಿ ತೆರೆಯುತ್ತೇನೆ, ಅಕ್ಕೋರು ಎನ್ನುತ್ತೇನೆ. ಅದರ ಮುಂದೆ ಹೇಳಲು ನನ್ನ ಬಳಿ ಏನೂ ಇಲ್ಲ.