ಮರಿ ತರಲು ಹೋಗಿ ತಾಯಿಯನ್ನೂ ತಂದದ್ದು

ಯಾರಲ್ಲಿಂದಲೇ ನಾಯಿಮರಿ ತರಲಿ, ಮೊದಲು ಅದರ ತಾಯಿಗೆ ಹೊಟ್ಟೆ ತುಂಬ ಉಣಿಸಬೇಕು ಎಂಬುದು ನಮ್ಮತ್ತೆಯ ತವರಿನ ಪದ್ಧತಿ. ಉಡುಪಿ ಕಡೆ ಇದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ನಾವು ಹೊರಟಿದ್ದು ಗುರ್‌ಗಾಂವ್ ಆಚೆ, ಮರಿ ಹಾಕಿಸಿ ಮಾರುವುದನ್ನೇ ಕಸುಬು ಮಾಡಿಕೊಂಡವನ ಹತ್ತಿರ. “ಅದು ವ್ಯಾಪಾರದ ಜಾಗ ಅತ್ತೆ, ನೆಂಟರ ಮನೆ ಅಲ್ಲ” ಎಂದೆ. ಅವರು ಕಿವಿಗೇ ಹಾಕಿಕೊಳ್ಳದೆ ಮೊಸರನ್ನದ ಡಬ್ಬಿ ಹಿಡಿದು ಕಾರು ಹತ್ತಿದರು. ಓಖ್ಲಾದಲ್ಲಿ ಹೋಟೆಲು ನಡೆಸುವ ನಮಗೆ ಬಿಡುವು ಸಿಗುವುದೇ ಅಪರೂಪ; ನನಗೆ ದಾರಿಯುದ್ದಕ್ಕೂ ಸಿಡಿಮಿಡಿ.

ಅವನು ಮುಂದಿನ ಕೋಣೆಯಲ್ಲಿ ಪೌಡರು ಬಳಿದ ಮರಿಗಳನ್ನು ತೋರಿಸಿದ. ನನ್ನ ಮಗಳು ಒಂದನ್ನು ಎದೆಗವಚಿಕೊಂಡು “ಅಜ್ಜಿ, ಯೇ ವಾಲಾ ಬೇಕು” ಎಂದಳು. ಅತ್ತೆ ಮಾತ್ರ ತಮಗೆ ಬರುವಷ್ಟು ಹಿಂದಿಯಲ್ಲಿ “ಮಾಂ ಕಹಾಂ ಹೈ?” ಎಂದು, ತಾಯಿ ಎಲ್ಲಿ ತೋರಿಸು ಎಂದು ಹಟ ಹಿಡಿದರು. ಮಲಗಿದೆ, ಕಚ್ಚುತ್ತದೆ, ಹುಷಾರಿಲ್ಲ ಎಂದು ಅವನು ಏನೇನೋ ಹೇಳಿದ. ಅತ್ತೆ ಹಿತ್ತಲಿಗೆ ನಡೆದೇಬಿಟ್ಟರು.

ಅಲ್ಲಿ ತಂತಿಯ ಬೋನುಗಳ ಸಾಲು. ಮರಿಯ ತಾಯಿ ಒಂದರೊಳಗೆ ಮುದುಡಿ ಕೂತಿತ್ತು. ಎದ್ದರೆ ತಲೆ ತಾಗುತ್ತಿತ್ತು, ಮಲಗಲು ಜಾಗವಿರಲಿಲ್ಲ. ಅತ್ತೆ ನೀಡಿದ ಅನ್ನವನ್ನು ಕೂತಲ್ಲೇ ಕತ್ತು ಓರೆ ಮಾಡಿ ತಿಂದಿತು. ಡಬ್ಬಿಯಲ್ಲಿ ಉಳಿದದ್ದನ್ನು ನಾನೇ ಬಳಿದು ಅದರ ಮುಂದಿಟ್ಟೆ.

“ಇದನ್ನು ಬಿಟ್ಟು ನಾನು ಬರೂದಿಲ್ಲ ಮಾರಾಯ್ತಿ” ಎಂದು ಅತ್ತೆ ಅಲ್ಲೇ ಇಟ್ಟಿಗೆಯ ಮೇಲೆ ಕೂತರು. ತಾಯಿಯನ್ನು ಕೊಡುವುದಿಲ್ಲ, ಇನ್ನೂ ಮರಿ ಹಾಕುತ್ತದೆ ಎಂದ ಅವನು.

ನಮ್ಮ ಹೋಟೆಲಿಗೆ ದಿನಾ ತಿಂಡಿಗೆ ಬರುವ ವಕೀಲರೊಬ್ಬರಿಗೆ ಫೋನು ಮಾಡಿದೆ. ಪಾಪ, ಅವರು ಬಂದೇಬಿಟ್ಟರು.

“ನಾಯಿ ಧಂದೆಗೆ ಯಾವ ಕಾನೂನಿದೆ, ವಕೀಲ್ ಸಾಬ್?” ಎಂದು ಮಾರುವವನು ನಕ್ಕ.

ಅವನು ಹೇಳಿದ್ದು ನಿಜವೇ. ಆಗ ಲೈಸೆನ್ಸೂ ಇಲ್ಲ, ಬೋನಿಗೆ ಅಳತೆಯೂ ಇಲ್ಲ; ಅಂಥ ನಿಯಮಗಳು ಬಂದದ್ದು ಎಷ್ಟೋ ವರ್ಷದ ಮೇಲೆ. ಇದ್ದದ್ದು ಪ್ರಾಣಿಹಿಂಸೆಯ ಹಳೆಯ ಕಾನೂನೊಂದೇ. ಮೈ ಅಲ್ಲಾಡಿಸಲಾಗದ ಬೋನಿನಲ್ಲಿ ಪ್ರಾಣಿಯನ್ನಿಡುವುದು ಅದರ ಪ್ರಕಾರ ಅಪರಾಧ. ದಂಡ ಮಾತ್ರ ನಮ್ಮ ಹೋಟೆಲಿನ ಒಂದು ದೋಸೆ, ಒಂದು ಕಾಫಿಗೆ ಸಾಲದಷ್ಟು. “ದಂಡ ಸಣ್ಣದೇ. ಕೋರ್ಟಿಗೆ ಅಲೆಯುವುದು ಸಣ್ಣದಲ್ಲ, ನಾನೇ ಅಲೆಸುತ್ತೇನೆ” ಎಂದರು ವಕೀಲರು ತಣ್ಣಗೆ. ಅವನ ನಗು ನಿಂತಿತು. ಗೊಣಗುತ್ತಲೇ ಬೋನಿನ ಚಿಲಕ ತೆಗೆದ. ಉಳಿದ ನಾಯಿಗಳಿಗೂ ಓಡಾಡಲು ಅಂಗಳ ಮಾಡಿಸುವವರೆಗೆ ವಕೀಲರು ಅವನ ಬೆನ್ನು ಬಿಡಲಿಲ್ಲ. ಅದು ಆಗಿದೆಯೆಂದು ನಾನೇ ಹೋಗಿ ನೋಡಿ ಬಂದ ದಿನ ನಿರಾಳವಾಗಿ ಉಂಡೆ.

ನಮ್ಮಲ್ಲಿ ಮರಿ ಮನೆಯಿಡೀ ಕುಣಿಯಿತು. ತಾಯಿ ಮಾತ್ರ ಮೂಲೆಯಲ್ಲಿ ಕಾಲು ಮಡಚಿ ಕೂತೇ ತೂಕಡಿಸುತ್ತಿತ್ತು. ಬೋನು ಇದರ ಮೈಯೊಳಗೇ ಉಳಿದುಬಿಟ್ಟಿತೇನೋ ಎಂದು ನನಗೆ ಹೆದರಿಕೆಯಾಗಿತ್ತು.

ಒಂದು ಬೆಳಿಗ್ಗೆ ಹೋಟೆಲಿಗೆ ಹೊರಟು ನೋಡುತ್ತೇವೆ, ಬಾಗಿಲಿಗೆ ಅಡ್ಡಲಾಗಿ ನಾಲ್ಕೂ ಕಾಲು ಚಾಚಿ ಗೊರಕೆ ಹೊಡೆಯುತ್ತಿದೆ. ಮಲಗಿದವರನ್ನು ದಾಟುವುದು ನಮ್ಮಲ್ಲಿಲ್ಲ.

“ಎಬ್ಬಿಸಬೇಡ” ಎಂದು ಅತ್ತೆ ಚಪ್ಪಲಿ ಕಳಚಿದರು. ಅಂದು ನಮ್ಮ ಹೋಟೆಲು ತೆರೆದದ್ದು ಅದು ತಾನಾಗಿ ಎದ್ದ ಮೇಲೆ.