ಒಂದು ಸಿಗರೇಟಿನ ದಾರಿ

ನಮ್ಮ ದ್ವೀಪದಲ್ಲಿ ದಾರಿಯನ್ನು ಸಿಗರೇಟಿನಲ್ಲಿ ಅಳೆಯುತ್ತೇವೆ. ಅದರಲ್ಲಿ ಪಾಂಡೆಲಿಸಣ್ಣನಷ್ಟು ಸುಳ್ಳು ಅಳೆಯುವವನು ಇನ್ನೊಬ್ಬನಿಲ್ಲ. ಸಂಜೆ ಪ್ರವಾಸಿಗರನ್ನು ಗುಡ್ಡ ಹತ್ತಿಸಿ, ಮೇಲಿರುವ ತನ್ನ ಮನೆಯಂಗಳದಲ್ಲಿ ಊಟಕ್ಕೆ ಕೂರಿಸುವುದು ಅವನ ಕಸುಬು. ಕತ್ತೆಯ ಮೇಲೆ ವೈನು ಹೇರಿಕೊಂಡು ಹಿಂದೆ ನಡೆಯುವುದು ನನ್ನದು. "ಇನ್ನೆಷ್ಟು ದೂರ?" ಎಂದು ಯಾರು ಕೇಳಲಿ, "ಒಂದು ಸಿಗರೇಟು ಸೇದೋಷ್ಟು, ಅಷ್ಟೇ" ಎನ್ನುತ್ತಾನೆ. ಗಂಟೆ ಕಳೆದ ಮೇಲೆ ಕೇಳಿದರೂ ಅದೇ ಒಂದು ಸಿಗರೇಟು. ಮೊನ್ನೆ ಅಥೆನ್ಸಿನ ಹೆಂಗಸೊಬ್ಬಳು, "ನಿಮ್ಮ ಸಿಗರೇಟೇನು ಹಡಗಿನ ಹೊಗೆಕೊಳವೆನಾ ಯಜಮಾನ್ರೇ?" ಎಂದಳು. "ಊಟಕ್ಕೆ ಕಡಲೆ ಬೇಯೋದು ಬೇಡ್ವೇನಮ್ಮ? ಬೇಗ ಹೋದ್ರೆ ನನ್ನ ಹೆಂಡ್ತಿ ನಿಮ್ಮನ್ನೇ ಒಲೆಗೆ ಹಾಕ್ತಾಳೆ" ಎಂದು ಬಾಯಿ ಮುಚ್ಚಿಸಿದ. ಕಡಿದಾದ ಏರು ಬಂತೋ, ಗಕ್ಕನೆ ನಿಂತು "ಅಗೋ, ಸಮುದ್ರ ನೋಡಿ!" ಎಂದು ಕೂಗುತ್ತಾನೆ, ಅವರೆಲ್ಲ ಬೆಳಗಿನಿಂದ ಅದರಲ್ಲೇ ಮುಳುಗೆದ್ದು ಬಂದವರೆಂಬುದು ಗೊತ್ತೇ ಇಲ್ಲದವನಂತೆ. ಎಲ್ಲರೂ ಅತ್ತ ತಿರುಗಿ ಫೋಟೊ ತೆಗೆಯುತ್ತಾರೆ. ಕಲ್ಲುಗೋಡೆಗೆ ಒರಗಿ, ಎದೆ ಒತ್ತಿಕೊಂಡು ಉಸಿರೆಳೆಯುವ ಪಾಂಡೆಲಿಸಣ್ಣ ಹಿಂದಿರುವ ನನಗೊಬ್ಬನಿಗೇ ಕಾಣುವುದು. ಹೋದ ಬೇಸಿಗೆಯಲ್ಲಿ ನಮ್ಮ ಗುಡ್ಡದ ದಾರಿಯಲ್ಲಿ ಸಮುದ್ರ ಮೂರು ಜಾಗದಲ್ಲಿ ಕಾಣುತ್ತಿತ್ತು. ಈ ಬೇಸಿಗೆಯಲ್ಲಿ ಒಂಬತ್ತು ಜಾಗದಲ್ಲಿ ಕಾಣುತ್ತಿದೆ.