ರೇಸು ಕಾರಿನ ನೀಲಿ ಹೊಗೆ

ಅರವತ್ತರ ದಶಕದ ಮೊದಲ ವರ್ಷಗಳು. ಕಡೂರಿನಲ್ಲಿ ತರೀಕೆರೆ ರಸ್ತೆಯ ಬದಿಗೆ ನನ್ನದೊಂದು ತಗಡಿನ ಶೆಡ್ಡು. ಮೋಟಾರು ರಿಪೇರಿಯೂ ಅಲ್ಲೇ, ಅಡುಗೆಯೂ ಅಲ್ಲೇ, ಮಲಗುವುದೂ ಅಲ್ಲೇ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಒಂದು ಬೇಸಿಗೆಯಲ್ಲಿ ಕಾಫಿ ತೋಟದ ಧಣಿಯೊಬ್ಬರು ತಮ್ಮ ರೇಸು ಕಾರನ್ನು ನನ್ನಲ್ಲಿ ಬಿಟ್ಟರು. ಮುಂದಿನ ವಾರ ಮದರಾಸಿನಲ್ಲಿ ಪಂದ್ಯ. "ಗಾಡಿ ಸರಿ ಮಾಡಿಟ್ರೆ ನೀವೂ ಬನ್ನಿ ಮೇಸ್ತ್ರಿ, ಅಲ್ಲಿ ನನ್ನ ಜೊತೆಗೊಬ್ರು ಬೇಕು" ಎಂದರು. ಹಾಗೆ ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಅವತ್ತೇ ಎರಡು ಅಂಗಿ ಒಗೆದು, ಹಾಸಿಗೆಯ ಕೆಳಗಿಟ್ಟು ಇಸ್ತ್ರಿ ಮಾಡಿಕೊಂಡೆ.

ಪ್ಲಗ್ಗು ತೊಳೆದೆ. ಹಳೆಯ ಎಣ್ಣೆ ಇಳಿಸಿ, ಹೊಸದನ್ನು ಅಳತೆಕಡ್ಡಿಯ ಗೆರೆಗೆ ಸರಿಯಾಗಿ ತುಂಬಿದೆ. ಉಳಿದ ಎಣ್ಣೆಯ ಡಬ್ಬಿಯನ್ನು ಮೂಲೆಗಿಟ್ಟೆ. ಎಂಜಿನ್ ಚಾಲೂ ಮಾಡಿದರೆ ಹೊಗೆಯ ಸುಳಿವೇ ಇಲ್ಲ.

ಮಾರನೆಯ ದಿನ ಸಂತೆ. ಬುಕ್ಕಾಂಬುಧಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ನನ್ನ ಅಣ್ಣ ಸಂತೆಗೆ ಬಂದವನು ಶೆಡ್ಡಿಗೂ ಬಂದ.

"ಇದೇನೋ ಪಂದ್ಯದಾಗ್ ಓಡೋ ಕಾರು? ಹೊಟ್ಟೆ ನೆಲಕ್ಕೆ ತಾಗ್ತೈತಲ್ಲೋ! ಇದಕ್ಕೇನ್ ಹಾಕ್ತೀಯ?"

"ಪೆಟ್ರೋಲು, ಆಮೇಲೆ ಎಣ್ಣೆ ಕಣಣ್ಣ" ಎಂದು ಎಣ್ಣೆ ತುಂಬುವ ಮುಚ್ಚಳ ತೋರಿಸಿದೆ. ಅವನನ್ನು ಕೂರಿಸಿ ಹಾಲು ತರಲು ಹೋದೆ. ಬಂದು ಕಾಫಿ ಮಾಡಿಕೊಟ್ಟೆ, ಕುಡಿದು ಹೊರಟ.

ಮರುದಿನ ಬೆಳಿಗ್ಗೆ ಧಣಿಯವರು ಬಂದು ಎಂಜಿನ್ ಚಾಲೂ ಮಾಡಿದರು. ಶೆಡ್ಡಿನ ತುಂಬ ನೀಲಿ ಹೊಗೆ.

"ಏನ್ರೀ ಮೇಸ್ತ್ರಿ, ಒಳಗೆ ಒಲೆ ಹಚ್ಚಿದ್ದೀರಾ?"

ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಇಳಿಯುತ್ತಿದೆ, ಕಾರ್ಬುರೇಟರ್ ನೋಡಬೇಕು. ಬಿಳಿ ಹೊಗೆ ನಿಲ್ಲದೆ ಬಂದರೆ ಒಳಗೆ ನೀರು ಸೇರಿದೆ, ಗ್ಯಾಸ್ಕೆಟ್ಟು ಹೋಗಿರುತ್ತದೆ. ನೀಲಿ ಎಂದರೆ ಎಣ್ಣೆ ಸುಡುತ್ತಿದೆ. ಪಿಸ್ಟನ್ನಿನ ರಿಂಗು ಸವೆದಿರಬಹುದು; ಇಲ್ಲವೇ ಎಣ್ಣೆಯೇ ಮಿತಿ ಮೀರಿರಬಹುದು. ಅಳೆದು ಹಾಕಿದವನು ನಾನೇ ಅಲ್ಲವೇ ಎಂದು ಕಡ್ಡಿಯನ್ನು ಮತ್ತೊಮ್ಮೆ ಎತ್ತಿ ನೋಡಲಿಲ್ಲ.

"ರಿಂಗ್ ಹೋಗಿದೆ ಸ್ವಾಮಿ, ಎಂಜಿನ್ ಬಿಚ್ಚಬೇಕು" ಎಂದೆ.

ಪಂದ್ಯಕ್ಕೆ ಮುಂಚೆ ಅಷ್ಟು ದಿನ ಎಲ್ಲಿತ್ತು? ಅಂದೇ ಕಾರನ್ನು ಲಾರಿಗೆ ಏರಿಸಿ ಬೆಂಗಳೂರಿನ ದೊಡ್ಡ ಗ್ಯಾರೇಜಿಗೆ ಸಾಗಿಸಿದರು.

ನಾಲ್ಕು ದಿನಕ್ಕೆ ಧಣಿಯವರ ಕಾರ್ಡು ಬಂತು. "ಹೆಚ್ಚಿನ ಎಣ್ಣೆ ಇಳಿಸಿದ ಮೇಲೆ ಹೊಗೆ ನಿಂತಿದೆ. ಅಲ್ಲಿನ ಮೇಸ್ತ್ರಿಯನ್ನೇ ಮದರಾಸಿಗೆ ಕರೆದೊಯ್ಯುತ್ತಿದ್ದೇನೆ. ಅಷ್ಟು ಎಣ್ಣೆ ಯಾಕೆ ಹಾಕಿದಿರಿ?" ಬರೆದದ್ದು ಇಷ್ಟೇ. ಓದಿ ಮೂಲೆಯ ಡಬ್ಬಿ ಎತ್ತಿ ನೋಡಿದೆ, ಖಾಲಿ.

ಮುಂದಿನ ಸಂತೆಗೆ ಅಣ್ಣ ಬಂದ. "ಗೆದ್ತೇನೋ ನಮ್ ಕಾರು?"

"ನಮ್ ಕಾರಾ?"

"ಮತ್ತೆ? ನೀನ್ ಹಾಲಿಗ್ ಹೋದಾಗ ಆ ಡಬ್ಬೀಲಿದ್ದುದ್ನೆಲ್ಲ ಕುಡಿಸ್ಬಿಟ್ಟೆ. ಓಟದ್ ಎತ್ತಿಗೆ ಗೊಟ್ಟದಾಗೆ ಎಣ್ಣೆ ಕುಡಿಸಲ್ವೇನೋ, ಹಂಗೆ. ಅರೆಹೊಟ್ಟೇಲಿ ಬಿಟ್ರೆ ಎಲ್ಲಿ ಓಡ್ತದೆ?"

ಗೊಟ್ಟವೆಂದರೆ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಅವನ ಮುಖ ನೋಡಿದೆ. ತಮ್ಮನಿಗೆ ಉಪಕಾರ ಮಾಡಿದ ಖುಷಿ ಇನ್ನೂ ಆರಿರಲಿಲ್ಲ. ಇವನ ಮೇಲೆ ರೇಗಿದರೆ ಸಂತೆಯ ದಿನ ನನ್ನ ಬಾಗಿಲಿಗೆ ಬರುವವರಾದರೂ ಯಾರು?

"ಚೆನ್ನಾಗ್ ಓಡ್ತಂತೆ ಕಣಣ್ಣ" ಎಂದೆ.

"ನಂಗೊತ್ತಿತ್ತು ಬಿಡು" ಎಂದು ತೊಡೆ ತಟ್ಟಿಕೊಂಡ.

ಸಂಜೆ ಬಸ್ಸಿನವರೆಗೆ ಹೋಗಿ ಹತ್ತಿಸಿದೆ. "ಬರೋ ವಾರಾನೂ ಬಾರಣ್ಣ."

"ಬತ್ತೀನಿ ಕಣೋ" ಎಂದು ಕಿಟಕಿಯಿಂದ ಕೂಗಿದ. "ಇನ್ಯಾರಾರ ಅಂಥ ಕಾರ್ ತಂದ್ರೆ, ನಾ ಬರೋಗಂಟ ಮುಟ್ಬೇಡ!"